ಹದಿನಾಲ್ಕನೆಯ ತಿರುವು

ಗುಬ್ಬಿಯಿಂದ ಯಡಿಯೂರಿಗೆ ಒಂದೇ ಒಂದು ಲಾರಿಯ ಮುಖ ನೋಡದೆ ಸೈಕಲ್ಲಿನಲ್ಲಿ ಹೋಗಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹೇಳಿದವರು ನಮ್ಮ ಮನೆಯವರಾದ್ದರಿಂದ ಇನ್ನಷ್ಟು ನಂಬಲಿಲ್ಲ.

ಇವರ ಹೆಸರು ಗಂಗರಾಜು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ನಮ್ಮ ಬಡಾವಣೆ ಸದಾಶಿವನಗರದಲ್ಲಿ ಸೊಪ್ಪು ಮಾರುವವಳಿಂದ ಹಿಡಿದು ನನ್ನವರೆಗೆ ಎಲ್ಲರೂ ಇವರನ್ನು ಕರೆಯುವುದು ಮೇಷ್ಟ್ರು ಅಂತಲೇ. ನಿವೃತ್ತರಾದ ತಿಂಗಳೇ ಒಂದು ಗೇರ್ ಸೈಕಲ್ ತಂದು ಹಾಲ್‌ನಲ್ಲಿ ನಿಲ್ಲಿಸಿದರು. ಹೊರಗೆ ನಿಲ್ಲಿಸಿದರೆ ಬಿಸಿಲಿಗೆ ಟೈರು ಹಾಳಾಗುತ್ತದಂತೆ. ನಾನು ಇಷ್ಟು ವರ್ಷ ಬಿಸಿಲಲ್ಲಿ ಬಸ್ಸು ಕಾದು ಅಂಚೆ ಕಚೇರಿಯ ಕೌಂಟರಿಗೆ ಹೋಗಿ ಬಂದಿದ್ದೇನೆ, ನನ್ನ ಬಣ್ಣ ಹಾಳಾಗುತ್ತದೆ ಎಂದು ಯಾರೂ ಚಿಂತೆ ಮಾಡಿದ್ದಿಲ್ಲ. ಇದನ್ನು ನಾಲ್ಕು ಸಲ ಹೇಳಿದ ಮೇಲೆ ನನಗೂ ಒಂದು ಸೈಕಲ್ ಬಂತು.

ನಾನು ಸೈಕಲ್ ಕಲಿತದ್ದು ನನ್ನ ತವರೂರು ಕೋರದಲ್ಲಿ, ನಮ್ಮಪ್ಪನ ಸೈಕಲ್ಲಿಗೆ ಒಳಪೆಡಲ್ ಹೊಡೆದು. ಬಿಟ್ಟು ಎಷ್ಟೋ ಕಾಲವಾಗಿದ್ದರೂ ಕಾಲು ಮರೆತಿರಲಿಲ್ಲ. ಮೊದಲ ಭಾನುವಾರವೇ ತವರಿಗೆ ಸೈಕಲ್ಲಿನಲ್ಲಿ ಹೋಗಿ ಅತ್ತಿಗೆಯ ಹೊಟ್ಟೆ ಉರಿಸೋಣ ಎಂದು ಹೈವೇ ಹಿಡಿದೆ. ಊರು ಇನ್ನೇನು ಬಂತು ಅನ್ನುವಾಗ ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆದ ರಭಸಕ್ಕೆ ಸೈಕಲ್ ಸಮೇತ ಚರಂಡಿಗೆ ಇಳಿದೆ. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ವಾಹನ ಓಡಾಡುವ ರಸ್ತೆಗೆ ಇನ್ನು ನಾನು ಸೈಕಲ್ ಇಳಿಸುವುದಿಲ್ಲ ಎಂದು ಹೇಳಿಬಿಟ್ಟೆ.

ಮೇಷ್ಟ್ರು ಅದನ್ನು ಪರೀಕ್ಷೆಯ ಲೆಕ್ಕದ ಹಾಗೆ ತೆಗೆದುಕೊಂಡರು. ಮೊಬೈಲಿನಲ್ಲಿ ನಕ್ಷೆ ಬಿಡಿಸಿಕೊಂಡು ದಿನವಿಡೀ ಕೂತರು. ಕೊನೆಗೆ ಅವರಿಗೆ ಸಿಕ್ಕಿದ್ದು ಹೇಮಾವತಿ ನಾಲೆ. ನಾಲೆ ಗುಡ್ಡ ಹತ್ತುವುದಿಲ್ಲ, ಇಳಿಯುವುದೂ ಇಲ್ಲ. ಗುಡ್ಡದ ಸೊಂಟ ಹಿಡಿದು ಸುತ್ತಿಕೊಂಡು ಹೋಗುತ್ತದೆ. ಅದರ ಏರಿಯ ಮೇಲೆ ಮಣ್ಣಿನ ದಾರಿ ಇದೆ. ಏರಿ ಕೆಟ್ಟಿರುವ ಕಡೆ ಇಳಿದು ಹಳೆಯ ಬಂಡಿ ಜಾಡು ಹಿಡಿದರೆ ತೋಟ, ಹೊಲ, ಬೋರೆಗಳನ್ನು ದಾಟಿ ಮತ್ತೆ ಏರಿಗೆ ಸೇರಿಕೊಳ್ಳಬಹುದು. ಗುಬ್ಬಿಯವರೆಗೆ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಹೋಗಿ ಅಲ್ಲಿಂದ ಕುಣಿಗಲ್ ಸೀಮೆಯ ಯಡಿಯೂರಿಗೆ ಹೀಗೇ ಹೊರಟರೆ ಎದುರಾಗುವುದು ಎಮ್ಮೆ, ಕುರಿ, ಅಪರೂಪಕ್ಕೆ ಹುಲ್ಲು ಹೊತ್ತ ಹೆಂಗಸರು, ಅಷ್ಟೇ.

ನಾನು, ಮೇಷ್ಟ್ರು, ನಮ್ಮ ಬೀದಿಯ ಮೆಡಿಕಲ್ ಸ್ಟೋರಿನ ಉದಯಕುಮಾರ್, ಮೂವರೂ ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ಹೊರಟೆವು. ಉದಯಕುಮಾರನ ಸೈಕಲ್ಲು ನಮ್ಮಿಬ್ಬರದಕ್ಕಿಂತ ದುಬಾರಿಯದು, ಆದರೆ ಏರು ಬಂದಾಗ ಮೊದಲು ಇಳಿದು ತಳ್ಳುವವನೂ ಅವನೇ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ತೆಂಗು, ಅದರಾಚೆ ಬೋಳು ಬಂಡೆಯ ಗುಡ್ಡಗಳು. ಹಿಂದೆ ತಿರುಗಿ ನೋಡದೆ ಸೈಕಲ್ ತುಳಿಯಬಹುದು ಎಂಬ ಸುಖ ಏನೆಂದು ನನಗೆ ಅಂದು ಗೊತ್ತಾಯಿತು. ಅರ್ಧ ದಾರಿಯಲ್ಲಿ ನಾನು ಜೋರಾಗಿ ಹಾಡಿದೆ. ಮೇಷ್ಟ್ರು ಏನೂ ಅನ್ನಲಿಲ್ಲ, ಅದು ಅವರ ಮಟ್ಟಿಗೆ ಮೆಚ್ಚುಗೆ.

ಬೋರೆಪಾಳ್ಯ ದಾಟಿದ ಮೇಲೆ ಜಾಡು ಒಂದು ಹಾಸುಬಂಡೆಯ ಪಕ್ಕದಲ್ಲಿ ತಿರುಗುತ್ತದೆ. ಬಂಡೆಯ ಎದುರಿಗೆ ಒತ್ತಾಗಿ ಐದು ತೆಂಗಿನಮರ. ಎತ್ತಿನ ಗಾಡಿ ಓಡಾಡುತ್ತಿದ್ದ ಕಾಲಕ್ಕೆ ಅವು ಸಸಿಗಳಾಗಿದ್ದವಂತೆ. ಈಗ ಬುಡ ದಪ್ಪವಾಗಿ, ಸೈಕಲ್ಲು, ಮೊಪೆಡ್ಡು ನುಸುಳುವಷ್ಟೇ ಜಾಗ ಉಳಿದಿತ್ತು. ಮರಗಳ ಹಿಂದೆಯೇ ತೋಟದ ಮನೆ. ನೀರು ಕೇಳೋಣವೆಂದು ಇಳಿದೆವು. ಜಗಲಿಯ ಮೇಲೆ ಮಂಚದಲ್ಲಿ ಒಬ್ಬರು ಗೋಡೆಗೆ ಒರಗಿ ಕೂತಿದ್ದರು, ಮುಖ ಊದಿಕೊಂಡಿತ್ತು. ಒಳಗಿನಿಂದ ಅವರ ಹೆಂಡತಿ ರಂಗಲಕ್ಷ್ಮಮ್ಮ ಚೊಂಬು ಹಿಡಿದು ಬಂದವಳು ನಮ್ಮ ಹೆಲ್ಮೆಟ್ಟು, ಮೇಷ್ಟ್ರ ಕೈಯಲ್ಲಿದ್ದ ಮೊಬೈಲು ಎಲ್ಲ ನೋಡಿದಳು.

"ಅಳ್ತೆಗೆ ಬಂದಿದೀರಾ ಸ್ವಾಮಿ?"

"ಹೂಂ ಕಣಮ್ಮ. ಎಷ್ಟು ದೂರ ಐತೆ, ಎಷ್ಟು ಏರು ಐತೆ ಅಂತ ನೋಡ್ಕೊಂಡು ಹೋಗ್ತಾ ಇದೀವಿ," ಎಂದರು ಮೇಷ್ಟ್ರು. ಮೊಬೈಲು ನಿಜವಾಗಿಯೂ ಅದನ್ನೇ ಅಳೆಯುತ್ತಿತ್ತು.

ನಾನು ಮಂಚದ ಕಡೆ ನೋಡಿದ್ದನ್ನು ಕಂಡು ಅವಳೇ ಹೇಳಿದಳು. "ನಮ್ ಯಜಮಾನ್ರು, ಯಲ್ಲಯ್ಯ. ಕಿಡ್ನಿ ಹೋಗವೆ ಕಣಮ್ಮ. ಮಂಗ್ಳವಾರ, ಗುರುವಾರ, ಶನಿವಾರ ಗುಬ್ಬೀಲಿ ರಕ್ತ ತೊಳೀತಾರೆ. ಹೋಗಾದು ಎಂಗೋ ಹೋಯ್ತೀವಿ, ಬರಾದೇ ಕಷ್ಟ. ಬರೋವತ್ಗೆ ಇವ್ರಿಗೆ ಕತ್ತೇ ನಿಲ್ಲಲ್ಲ. ನಮ್ ಮೈದುನನ ಮಗ ಸಂತೋಷ್ ಗಾಡೀಲಿ ಕೂರಿಸ್ಕಂಡು ಬಿದ್ದೋಗ್ದಂಗೆ ಟವಲ್ನಾಗೆ ಸೊಂಟಕ್ಕೆ ಕಟ್ಕಂತಾನೆ."

"ಆಟೋ ಬರಲ್ವಾ ಇಲ್ಲಿಗೆ?"

"ಅಂಜಿನಪ್ಪ ಅಂತ ಅವ್ನೆ. ಕೈಮುಗ್ದು ಕೇಳಿದೀನಿ. ರಸ್ತೆ ಆಗ್ಲಿ ಬತ್ತೀನಿ ಅಂತಾನೆ. ಊರ ಮುಂದ್ಲ ಅರಳಿಕಟ್ಟೆ ತಾವ್ಲೇ ನಿಂತ್ಕಂತಾನೆ. ಹೋದ್ ಸಲ ಮಳೇಲಿ ಗಾಡಿ ಹೋಗ್ದೆ ಒಂದಿನ ತಪ್ತು. ಆವತ್ತು ಉಸುರು ಎಳ್ಕಂಡು ಎಳ್ಕಂಡು ಬೆಳಗು ಮಾಡುದ್ರು. ಇನ್ನೊಂದು ಸಲ ತಪ್ಪುದ್ರೆ ಏನಾಯ್ತದೋ ಹೇಳಕಾಗಲ್ಲ ಅಂದವ್ರೆ ಡಾಕ್ಟ್ರು."

ಯಲ್ಲಯ್ಯ ಇದನ್ನೆಲ್ಲ ಬೇರೆ ಯಾರದೋ ವಿಷಯ ಎಂಬಂತೆ ಕೇಳುತ್ತಾ ಕೂತಿದ್ದರು. ನನಗೆ ಸಂಕಟವಾಯಿತು. ನಾನು ಅವಳ ಕೈ ಹಿಡಿದು ಏನೋ ಸಮಾಧಾನ ಹೇಳಿದೆ. ಆದರೆ ತೋಟ ದಾಟುತ್ತಿದ್ದಂತೆ ಇಳಿಜಾರು ಬಂತು, ಗಾಳಿ ಬಂತು, ಪೆಡಲ್ ತುಳಿಯದೆಯೇ ಸೈಕಲ್ಲು ನಾಲೆಯ ಏರಿಯವರೆಗೆ ಹೋಯಿತು. ಆಟೋ ಕೂಡ ಬಾರದ ದಾರಿ ಇದು ಎಂದು ನಾನೇ ಖುಷಿಯಿಂದ ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಯಡಿಯೂರು ತಲುಪಿ, ಸಿದ್ಧಲಿಂಗೇಶ್ವರನಿಗೆ ಕೈಮುಗಿದು, ದಾಸೋಹದಲ್ಲಿ ಊಟ ಮಾಡಿ ಬಂದ ಮೇಲೆ ಮೇಷ್ಟ್ರಿಗೆ ಹುಚ್ಚು ಹತ್ತಿತು. ಈ ದಾರಿ ಎಲ್ಲರಿಗೂ ಸಿಗಬೇಕು, ಯಾರೂ ದಾರಿ ತಪ್ಪಬಾರದು, ಅದಕ್ಕೆ ಗುರುತು ಹಾಕಬೇಕು ಎಂದರು. ಹಳದಿ ಬಣ್ಣದ ಡಬ್ಬಿ, ಬ್ರಷ್ಷು ತಂದರು. ನನಗೆ ರಜೆ ಇರಲಿಲ್ಲ, ಉದಯಕುಮಾರನನ್ನು ಕರೆದುಕೊಂಡು ಹೋಗಿ ತಿರುವು ತಿರುವಿಗೂ ಬಾಣ ಬಳಿದು ಬಂದರು. ಬಂಡೆ ಇದ್ದ ಕಡೆ ಬಂಡೆಯ ಮೇಲೆ, ಇಲ್ಲದ ಕಡೆ ಮರದ ಮೇಲೆ. ಸುಮ್ಮನೆ ಬಾಣ ಬಳಿದರೆ ಗಣಿತದ ಮೇಷ್ಟ್ರು ಹೇಗಾದಾರು, ಪ್ರತಿ ಬಾಣದ ಕೆಳಗೆ ತಿರುವಿನ ನಂಬರು ಬೇರೆ ಬರೆದರು. ರಂಗಲಕ್ಷ್ಮಮ್ಮನ ತೋಟದ ಮೊದಲನೇ ಮರಕ್ಕೆ ಬಂದದ್ದು ಹದಿನಾಲ್ಕು. ಅವರು ಹೋದ ದಿನ ಗುರುವಾರ, ಮನೆಗೆ ಬೀಗ ಹಾಕಿತ್ತು, ಕೇಳಲು ಯಾರೂ ಇರಲಿಲ್ಲವಂತೆ.

ಮುಂದಿನ ಎರಡನೇ ಶನಿವಾರ ಮತ್ತೆ ಮೂವರೂ ಹೊರಟೆವು. ಹಿಂದಿನ ದಿನ ಸಂಜೆ ಒಳ್ಳೆ ಮಳೆ ಬಿದ್ದಿತ್ತು. ಮೇಷ್ಟ್ರು ತಮ್ಮ ಬಾಣಗಳನ್ನು ಒಂದೊಂದಾಗಿ ನೋಡಿ ಹೆಮ್ಮೆ ಪಡುತ್ತಾ ಮುಂದೆ ಹೋಗುತ್ತಿದ್ದರು. ಹಾಸುಬಂಡೆಯ ತಿರುವಿನಲ್ಲಿ ಗಕ್ಕನೆ ಬ್ರೇಕ್ ಹಾಕಿದರು. ಮರಗಳು ಇರಲಿಲ್ಲ. ನೆಲಮಟ್ಟಕ್ಕೆ ಕೊಯ್ದ ಐದು ಬೊಡ್ಡೆಗಳು ಇದ್ದವು, ಕಾಂಡಗಳನ್ನು ತುಂಡು ಮಾಡಿ ಪಕ್ಕಕ್ಕೆ ಜೋಡಿಸಿದ್ದರು. ಒಂದು ತುಂಡಿನ ಮೇಲೆ ಮೇಷ್ಟ್ರ ಹಳದಿ ಬಾಣ ಆಕಾಶ ನೋಡುತ್ತಿತ್ತು.

"ಬನ್ನಿ ಸ್ವಾಮಿ, ಬನ್ನಿ. ಇವತ್ತೋ ನಾಳೆಯೋ ಬತ್ತೀರ ಅಂತ ಕಾಯ್ತಿದ್ದೆ," ಎಂದು ರಂಗಲಕ್ಷ್ಮಮ್ಮ ಎದುರಿಗೆ ಬಂದಳು. ಹೋದ ಸಲ ಜಗಲಿಯ ತುದಿಯಲ್ಲಿ ಕೂತಿದ್ದ ನಮಗೆ ಈ ಸಲ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಯಲ್ಲಯ್ಯ ಒಗೆದ ಪಂಚೆ, ಬಿಳಿ ಅಂಗಿ ಹಾಕಿಕೊಂಡು ಗುಬ್ಬಿಗೆ ತಯಾರಾಗಿ ಮಂಚದ ಮೇಲಿದ್ದರು. ನಾವು ಬಾಯಿ ತೆಗೆಯುವುದರೊಳಗೆ ಅವಳು ತಟ್ಟೆಯಲ್ಲಿ ಏನೋ ಬೆಳ್ಳಗಿನದನ್ನು ಹೆಚ್ಚಿ ತಂದು ಕೊಟ್ಟಳು. ತೆಂಗಿನ ಸುಳಿಯ ತಿರುಳು. ಬಾದಾಮಿಯಷ್ಟು ಸಿಹಿ, ಎಳೆ ಸೌತೆಕಾಯಿಯಷ್ಟು ಮೆದು. ಚಿಕ್ಕಂದಿನಲ್ಲಿ ಒಂದೆರಡು ಸಲ ತಿಂದಿದ್ದೆ. ಉದಯಕುಮಾರ್ ಪೇಟೆಯವನು, ಅವನಿಗೆ ಹೊಸದು. ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡ. ಮರ ಸಾಯದೆ ಆ ತಿರುಳು ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ತಿಂದೆ.

"ಯಾಕಮ್ಮ ಮರ ಕಡಿಸ್ದೆ? ರೋಗ ಬಂದಿತ್ತಾ?" ಎಂದು ಕೇಳಿದೆ.

"ರೋಗ ಎಲ್ಲಿ ಬಂತು. ಒಳ್ಳೆ ಫಸಲು ಕೊಡ್ತಿದ್ವು. ಗುರ್ತು ಹಾಕಿದ್ರಲ್ಲ ನೀವು, ರಸ್ತೆಯೋರು, ಹಳದಿ ಬಣ್ಣದಾಗೆ, ನಂಬರು ಹಾಕಿ. ರೈಲ್ ಲೈನಿಗೂ ಹಿಂಗೇ ಹಾಕಿದ್ರು, ದೊಡ್ಡ್ ರೋಡ್ ಅಗಲ ಮಾಡಾಗ್ಲೂ ಹಿಂಗೇ ಹಾಕಿದ್ರು." ಅವಳು ಮೇಷ್ಟ್ರ ಕಡೆ ತಿರುಗಿದಳು. "ಪಕ್ಕದ ಪಾಳ್ಯದಾಗೆ ಒಬ್ಬ ಮರ ಬುಡಲ್ಲ ಅಂತ ಕೋರ್ಟಿಗೆ ಹೋದ. ರಸ್ತೆ ಬೇರೆ ಕಡೆ ತಿರುಗೋಯ್ತು. ನಮ್ ಮರದಿಂದ ನಿಲ್ಬಾರ್ದು ಅಂತ ನೀವ್ ಕೇಳೋಕ್ ಮುಂಚೆನೇ ನಾನೇ ಕಡಿಸ್ಬುಟ್ಟೆ ಸ್ವಾಮಿ. ಪರಿಹಾರ ಗಿರಿಹಾರ ಬ್ಯಾಡ. ರಸ್ತೆ ಬಂದ್ರೆ ಸಾಕು."

ಉದಯಕುಮಾರನ ಬಾಯಲ್ಲಿದ್ದ ತುಂಡು ಅಲ್ಲೇ ನಿಂತಿತು. ಮೇಷ್ಟ್ರು ತಟ್ಟೆ ಕೆಳಗಿಟ್ಟರು.

ರಂಗಲಕ್ಷ್ಮಮ್ಮ ಇದ್ಯಾವುದನ್ನೂ ಗಮನಿಸದೆ ಮುಂದುವರಿಸಿದಳು. "ದೇವ್ರಂಗೆ ಬಂದ್ರಿ. ಮರ ಕಡಿಸಿದ್ದು ನೋಡ್ಬುಟ್ಟು ಅಂಜಿನಪ್ಪ ತಾನೇ ಬಂದ. ರಸ್ತೆ ಆದ್ಮೇಲೆ ಎಲ್ಲಾ ಆಟೋದೋರೂ ನುಗ್ತಾರೆ, ಅದ್ಕೇ ನಾನು ಈಗ್ಲೇ ಹಿಡ್ಕಂತೀನಿ ಈ ದಾರೀನ ಅಂದ. ಮೊನ್ನೆ ಗುರುವಾರ ಬಾಗ್ಲಿಗೇ ಬಂದಿತ್ತು ಆಟೋ. ನೋಡಿ, ಇವ್ರು ಮನ್ಗ್ಕಂಡೇ ಹೋಗಿ ಮನ್ಗ್ಕಂಡೇ ಬಂದ್ರು."

ಮೇಷ್ಟ್ರು ನನ್ನ ಕಡೆ ನೋಡಿದರು. ಇಂಥ ಹೊತ್ತಿನಲ್ಲಿ ಗಂಡಸರು ಹೆಂಡತಿಯರ ಮುಖ ನೋಡುವುದು ಯಾಕೆಂದು ನನಗೆ ಚೆನ್ನಾಗಿ ಗೊತ್ತು. ನನಗೆ ಸಿಟ್ಟು ಬಂತು, ಮೇಷ್ಟ್ರ ಮೇಲೂ, ಬಣ್ಣದ ಡಬ್ಬಿಯ ಮೇಲೂ, ಇಷ್ಟು ಹೊತ್ತು ಸುಳಿ ಮೆಲ್ಲುತ್ತಾ ಕೂತ ನನ್ನ ಮೇಲೂ. ಎದ್ದು ಅವಳ ಪಕ್ಕದಲ್ಲಿ ಕೂತು ಹೇಳಿದೆ. ಯಾವ ರಸ್ತೆಯೂ ಬರುವುದಿಲ್ಲ, ನಾವು ಯಾವ ಇಲಾಖೆಯವರೂ ಅಲ್ಲ, ಸೈಕಲ್ ಹೊಡೆಯುವವರಿಗೆ ದಾರಿ ಗೊತ್ತಾಗಲಿ ಎಂದು ಇವರೇ ಬಣ್ಣ ಬಳಿದದ್ದು ಎಂದೆ. ವಾಹನ ಬರುವುದಿಲ್ಲ ಅಂತಲೇ ಈ ದಾರಿ ಆರಿಸಿಕೊಂಡೆವು ಎಂದೂ ಹೇಳಿದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೊಡ್ಡೆಗಳ ಕಡೆ ನೋಡಿದಳು, ನಮ್ಮ ಸೈಕಲ್ಲುಗಳ ಕಡೆ ನೋಡಿದಳು.

"ಆಟಕ್ಕಾ?" ಎಂದಳು. "ಇಷ್ಟು ದೊಡ್ಡೋರು, ಆಟ ಆಡಕ್ಕೆ ಬಂದು ಮರಕ್ಕೆ ನಂಬರು ಹಾಕುದ್ರಾ?"

ಮರಗಳ ಬೆಲೆ ನಾವು ಕೊಡುತ್ತೇವೆ ಎಂದು ಉದಯಕುಮಾರ್ ಶುರುಮಾಡಿದ. ಅವಳು ಅವನ ಕಡೆ ತಿರುಗಲೂ ಇಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ಕೂತಳು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಯಾದ ಇನ್ನೊಂದು ಗಳಿಗೆ ಇಲ್ಲ.

ಅಷ್ಟರಲ್ಲಿ ಪಾಳ್ಯದ ಕಡೆಯಿಂದ ಆಟೋ ಸದ್ದು ಕೇಳಿತು. ರಂಗಲಕ್ಷ್ಮಮ್ಮ ಥಟ್ಟನೆ ಎದ್ದಳು. ಹತ್ತಿರ ಬಂದು ದನಿ ತಗ್ಗಿಸಿದಳು.

"ಅವ್ನಿಗೆ ಹೇಳ್ಬ್ಯಾಡಿ."

"ಏನನ್ನ?" ಎಂದರು ಮೇಷ್ಟ್ರು.

"ರಸ್ತೆ ಇಲ್ಲ ಅಂತ ಹೇಳ್ಬ್ಯಾಡಿ. ಗೊತ್ತಾದ್ರೆ ನಾಳಿಂದ ಬರಲ್ಲ ಅವ್ನು. ಮರ ಹೋದ್ವು ಹೋದ್ವು ಬುಡಿ. ಆಟೋ ಹೋಗ್ಬಾರ್ದು."

ನಮ್ಮ ಮೇಷ್ಟ್ರ ವಿಷಯ ನಿಮಗೆ ಹೇಳಬೇಕು. ಇವರ ಸ್ವಂತ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಉಪ್ಪಿಟ್ಟು ಹುಡುಗಿಯೇ ಮಾಡಿದ್ದಾ ಎಂದು ಅವರು ಸುಮ್ಮನೆ ಮಾತಿಗೆ ಕೇಳಿದರು. ಅಲ್ಲ, ಹೋಟೆಲಿನಿಂದ ತರಿಸಿದ್ದು ಎಂದು ಇವರು ಹೇಳಿ, ಆ ಸಂಬಂಧವೇ ಮುರಿದುಬಿತ್ತು. ಸುಳ್ಳು ಹೇಳಿ ಗೊತ್ತಿಲ್ಲದ ಈ ಮನುಷ್ಯನ ಹತ್ತಿರ ಸಂಸಾರ ಮಾಡುವುದೆಂದರೆ ಏನೆಂದು ನನ್ನನ್ನು ಕೇಳಿ. ಆಟೋದವನು ಬಂದು ಒಂದು ಮಾತು ಕೇಳಿದರೆ ಎಲ್ಲ ಮುಗಿಯಿತು. ಇವರನ್ನು ಹಿತ್ತಲಿಗೆ ಕಳಿಸಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಆಟೋ ಬೊಡ್ಡೆಗಳ ಮೇಲೆ ತಿರುಗಿಸಿಕೊಂಡು ಅಂಗಳಕ್ಕೆ ಬಂದೇಬಿಟ್ಟಿತು.

ಅಂಜಿನಪ್ಪ ಕುಳ್ಳಗಿನ ಮನುಷ್ಯ, ಬಾಯಿ ತುಂಬಾ ಎಲೆ ಅಡಿಕೆ. ರಂಗಲಕ್ಷ್ಮಮ್ಮನೂ ಅವನೂ ಸೇರಿ ಯಲ್ಲಯ್ಯನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಒರಗಿಸಿದರು. ಅವಳು ಗಂಡನ ಬೆನ್ನಿಗೆ ದಿಂಬು ಕೊಡುತ್ತಾ ನಮ್ಮ ಕಡೆ ನೋಡಲೇ ಇಲ್ಲ. ಅಂಜಿನಪ್ಪ ನೇರವಾಗಿ ಮೇಷ್ಟ್ರ ಹತ್ತಿರ ಬಂದ.

"ನೀವೇನಾ ಸಾ ಮಾರ್ಕಿಂಗ್ ಮಾಡ್ದೋರು?"

"ನಾನೇ," ಎಂದರು ಮೇಷ್ಟ್ರು.

"ಡಾಂಬ್ರು ಯಾವಾಗ ಸಾ?"

ಮೇಷ್ಟ್ರು ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಾಯಿಸಿದರು. ಅವರ ಕಿವಿ ಕೆಂಪಾಗಿತ್ತು.

"ಮಳೆಗಾಲ ಕಳೀಲಿ," ಎಂದರು. "ಈಗಿನ್ನೂ ಫೈಲು ಮೇಲಕ್ಕೆ ಹೋಗ್ಬೇಕು. ಆದ್ರೆ ನೀನು ಮಾತ್ರ ಬರೋದು ನಿಲ್ಲಿಸ್ಬೇಡ. ಗಾಡಿ ಓಡಾಟ ಐತೆ ಅಂತ ಕಂಡ್ರೇನೆ ಸ್ಯಾಂಕ್ಷನ್ ಆಗೋದು. ನಿಲ್ಲಿಸಿದ್ರೆ ಬೇರೆ ಕಡೆ ಹೋಗ್ಬಿಡ್ತದೆ."

"ಅಯ್ಯೋ, ನಾನ್ಯಾಕೆ ನಿಲ್ಲಿಸ್ಲಿ ಸಾ," ಎಂದು ಅಂಜಿನಪ್ಪ ಆಟೋ ಹತ್ತಿದ.

ಮೊದಲ ಸುಳ್ಳಿಗೆ ಮೇಷ್ಟ್ರು ಅಷ್ಟು ಚೆನ್ನಾಗಿ ತಯಾರಾಗಿದ್ದನ್ನು ನೋಡಿ ನನಗೇ ಆಶ್ಚರ್ಯವಾಯಿತು. ಕಟ್ಟಿಕೊಂಡಾಗಿನಿಂದ ಈ ಮನುಷ್ಯನ ಮೇಲೆ ಇಷ್ಟು ಪ್ರೀತಿ ಬಂದದ್ದು ಅಪರೂಪ. ಆಟೋ ಹೊರಟಿತು, ರಂಗಲಕ್ಷ್ಮಮ್ಮ ಒಳಗೆ ಗಂಡನನ್ನು ಹಿಡಿದು ಕೂತಿದ್ದಳು. ಹೋಗುವಾಗ ಒಂದು ಸಲ ನನ್ನ ಕಡೆ ನೋಡಿದಳು, ನಗಲಿಲ್ಲ.

"ಮಳೆಗಾಲ ಕಳೆದ ಮೇಲೆ ಏನು ಹೇಳ್ತೀರ?" ಎಂದು ಕೇಳಿದೆ.

"ಅಷ್ಟರೊಳಗೆ ನಿಜ ಮಾಡ್ಬೇಕು," ಎಂದರು ಮೇಷ್ಟ್ರು. "ಪಂಚಾಯ್ತಿಗೆ ಹೋಗೋಣ, ತಾಲ್ಲೂಕಿಗೆ ಹೋಗೋಣ. ಏನೋ ಒಂದು ಮಾಡೋಣ."

"ರಸ್ತೆ ಆದ್ರೆ ಲಾರಿ ಬರ್ತವೆ ಸಾರ್, ನಮ್ಮ ದಾರಿ ಹೋಯ್ತು," ಎಂದ ಉದಯಕುಮಾರ್ ಸಣ್ಣ ದನಿಯಲ್ಲಿ. ಅವನು ಹೇಳಿದ್ದು ಸುಳ್ಳೇನಲ್ಲ. ನಾನು ಮತ್ತೆ ಸೈಕಲ್ ಹತ್ತಿದ್ದೇ ಈ ದಾರಿಯಿಂದ. ಆದರೂ ಅವನ ತಲೆಗೆ ಒಂದು ಮೊಟಕಬೇಕು ಅನ್ನಿಸಿತು.

ಮೊಟಕಲು ಸಮಯ ಸಿಗಲಿಲ್ಲ. ಬಂಡೆಯ ಆಚೆಯಿಂದ ಆಟೋದ ಚಕ್ರ ಸುಮ್ಮನೆ ತಿರುಗುವ ಸದ್ದು ಬಂತು. ಮೂವರೂ ಓಡಿದೆವು. ಹಿಂದಿನ ದಿನದ ಮಳೆಗೆ ಜಾಡಿನ ತಗ್ಗಿನಲ್ಲಿ ಕೆಸರು ನಿಂತು, ಬರುವಾಗ ಖಾಲಿಯಾಗಿ ದಾಟಿದ್ದ ಆಟೋದ ಹಿಂದಿನ ಚಕ್ರ ಈಗ ಅರ್ಧ ಹೂತುಹೋಗಿತ್ತು. ಅಂಜಿನಪ್ಪ ಆಕ್ಸಿಲರೇಟರ್ ತಿರುವಿದಷ್ಟೂ ಅದು ಕೆಳಗೇ ಇಳಿಯುತ್ತಿತ್ತು. ಇಂಥ ದಾರಿಗೆ ಬಂದಿದ್ದೇ ತಪ್ಪಾಯಿತು ಎಂದು ಅವನು ಗೊಣಗಲು ಶುರುಮಾಡಿದ್ದ. ರಂಗಲಕ್ಷ್ಮಮ್ಮ ಇಳಿದು ಬರಿಗೈಯಲ್ಲಿ ಕೆಸರು ಎತ್ತಿ ಹಾಕುತ್ತಿದ್ದಳು.

ಮೇಷ್ಟ್ರು ಒಡೆದ ಕಲ್ಲುಗಳನ್ನು ತಂದು ಚಕ್ರದ ಕೆಳಗೆ ತುರುಕಿದರು. ಉದಯಕುಮಾರ್ ತೆಂಗಿನ ಗರಿ ಎಳೆದು ತಂದ. ಆಮೇಲೆ ನಾಲ್ವರೂ ಹಿಂದೆ ನಿಂತು ಭುಜ ಕೊಟ್ಟೆವು. ಒಂದು ಸಲ ಜಾರಿತು, ಇನ್ನೊಂದು ಸಲ ನನ್ನ ಮುಖದ ತುಂಬಾ ಕೆಸರು ಎರಚಿತು. ಮೂರನೇ ಸಲ ಆಟೋ ಒಂದೇ ನೆಗೆತಕ್ಕೆ ಗಟ್ಟಿ ನೆಲಕ್ಕೆ ಹತ್ತಿ ನಿಂತಿತು. ಉದಯಕುಮಾರನ ವಿದೇಶಿ ಟೀ ಶರ್ಟು ಯಾವ ಬಣ್ಣದ್ದೆಂದು ಹೇಳುವಂತಿರಲಿಲ್ಲ.

ರಂಗಲಕ್ಷ್ಮಮ್ಮ ಕೈ ತೊಳೆಯಲು ಹೋಗದೆ ಹಾಗೇ ಆಟೋ ಹತ್ತಿದಳು. ಅಷ್ಟು ಹೊತ್ತಿನಿಂದ ಒಂದು ಮಾತೂ ಆಡದ ಯಲ್ಲಯ್ಯ ಸೀಟಿನಿಂದ ಕತ್ತು ಹೊರಳಿಸಿ ಮೇಷ್ಟ್ರನ್ನು ನೋಡಿದರು. ಅವರಿಗೆ ಉಸಿರು ಸಾಲದೆ ಮಾತು ನಿಧಾನವಾಗಿ ಬಂತು.

"ಮಂಗ್ಳವಾರನೂ ಬತ್ತೀರಾ?"

ಮೇಷ್ಟ್ರು ಕೈಯ ಕೆಸರನ್ನು ಚಡ್ಡಿಗೆ ಒರೆಸಿಕೊಂಡರು.

"ಎಷ್ಟೊತ್ಗೆ?" ಎಂದರು.